ಹ್ಯಾಂಡಿಕ್ಯಾಮ್ ಟೇಪು ಡಿವಿಡಿಗೆ ಹಾಕಿದರೆ ಚಿತ್ರ ಕೆಡುತ್ತಿದೆ, ಏನು ಮಾಡಲಿ?

ಪ್ರಶ್ನೆ (ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. 2005ರಲ್ಲಿ ನಮ್ಮ ಮನೆಯಲ್ಲಿ ಮಿನಿ ಡಿವಿ ಟೇಪು ಹಾಕುವ ಹ್ಯಾಂಡಿಕ್ಯಾಮ್ ಇತ್ತು. ಆಗಿನ ಎರಡು ಟೇಪು ಉಳಿದಿವೆ. ಒಂದು ಅಕ್ಕನ ಮದುವೆ. ಇನ್ನೊಂದು ಅಡಿಕೆ ಸುಲಿಯುವ ರಾತ್ರಿ. ಚಪ್ಪರದ ಕೆಳಗೆ ಒಂದೇ ಬಲ್ಬು. ಅಜ್ಜಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಾ ಮಾತಾಡುತ್ತಿದ್ದಾರೆ. ಅಜ್ಜಿ ಈಗಿಲ್ಲ. ಅವರ ದನಿ ಉಳಿದಿರುವುದು ಈ ಟೇಪಿನಲ್ಲಿ ಮಾತ್ರ.

ಅಪ್ಪಯ್ಯನಿಗೆ ಮೊಬೈಲು, ಪೆನ್‌ಡ್ರೈವ್ ಎಲ್ಲ ಆಗುವುದಿಲ್ಲ. ಡಿವಿಡಿ ಆದರೆ ತಾವೇ ಹಾಕಿಕೊಂಡು ನೋಡುತ್ತಾರೆ. ಹಾಗಾಗಿ ಡಿವಿಡಿಯೇ ಬೇಕು.

ಹಳೇ ಕಂಪ್ಯೂಟರಿನ ಫೈರ್‌ವೈರ್ ಕಾರ್ಡಿಗೆ (ಕ್ಯಾಮೆರಾದಿಂದ ವಿಡಿಯೋ ಇಳಿಸುವ ಕಿಂಡಿ) ಕ್ಯಾಮೆರಾ ಜೋಡಿಸಿ ಇಳಿಸಿಕೊಂಡೆ. ಒಂದು ಗಂಟೆಯ ಟೇಪಿಗೆ 13 ಜಿಬಿ ಬಂತು. ಇಷ್ಟು ದೊಡ್ಡ ಫೈಲ್ ಬೇಡ ಅಂತ ಎಂಪಿ4 ಮಾಡಿದೆ. ಅದನ್ನು ಎಡಿಟ್ ಮಾಡಿ ಮತ್ತೆ ಎಂಪಿ4 ಆಗಿಯೇ ಸೇವ್ ಮಾಡಿದೆ. ಆಮೇಲೆ ಎರಡೂ ಟೇಪು ಸೇರಿಸಿ ಒಂದೇ ಡಿಸ್ಕಿಗೆ ಬರ್ನ್ ಮಾಡಿದೆ.

ಕ್ಯಾಮೆರಾವನ್ನೇ ಟಿವಿಗೆ ಹಾಕಿದರೆ ಅಡಿಕೆ ಸಿಪ್ಪೆಯ ನಾರೂ ಕಾಣುತ್ತದೆ. ಡಿವಿಡಿಯಲ್ಲಿ ಹಿಂದಿನ ಕತ್ತಲೆಯೆಲ್ಲ ಚೌಕ ಚೌಕ. ಅಜ್ಜಿ ಕೈ ಆಡಿಸಿದಾಗ ಬೆರಳು ಬಾಚಣಿಗೆ ಹಲ್ಲಿನ ಹಾಗೆ ಸೀಳಿಕೊಂಡು ಹಿಂದೆ ಮುಂದೆ ನಡುಗುತ್ತದೆ. ಎಲ್ಲಿ ತಪ್ಪಿದೆ?

ಉತ್ತರ 1 (ಸಾಗರದಿಂದ, ಹಿಂದೆ ಮದುವೆ ವಿಡಿಯೋ ಮಾಡುತ್ತಿದ್ದೆ)

ಆ 13 ಜಿಬಿ ಫೈಲ್ ಅಳಿಸಿಲ್ಲ ತಾನೇ? ಇದ್ದರೆ ಏನೂ ಹಾಳಾಗಿಲ್ಲ. ಫೈರ್‌ವೈರ್‌ನಲ್ಲಿ ಟೇಪಿನಲ್ಲಿದ್ದದ್ದು ಇದ್ದ ಹಾಗೇ ಇಳಿಯುತ್ತದೆ. ಕೆಟ್ಟದ್ದು ಆಮೇಲೆ. ಎಂಪಿ4 ಮಾಡುವಾಗ ಒಂದು ಸಲ, ಎಡಿಟ್ ಆದಮೇಲೆ ಇನ್ನೊಂದು ಸಲ, ಡಿವಿಡಿಯ ಎಂಪೆಗ್-2 ಮಾಡುವಾಗ ಮೂರನೇ ಸಲ ಫೈಲನ್ನು ಹಿಂಡಿ ಚಿಕ್ಕದು ಮಾಡಿದ್ದೀರಿ. ಪ್ರತಿ ಸಲವೂ ಚಿತ್ರ ಸ್ವಲ್ಪ ಕೆಡುತ್ತದೆ. ಆ 13 ಜಿಬಿಯ ಡಿವಿ ಫೈಲನ್ನೇ ಎಡಿಟ್ ಮಾಡಿ, ಡಿವಿ ಆಗಿಯೇ ಸೇವ್ ಮಾಡಿ. ಹಿಂಡುವುದು ಕೊನೆಗೆ ಒಂದೇ ಸಲ ಇರಲಿ.

ಕೈ ನಡುಗುವುದಕ್ಕೆ ಕಾರಣ ಬೇರೆ. ನಮ್ಮ ಪಾಲ್ (ನಮ್ಮ ದೇಶದ ಹಳೇ ಟಿವಿ ಪದ್ಧತಿ) ವಿಡಿಯೋದಲ್ಲಿ ಸೆಕೆಂಡಿಗೆ 25 ಫ್ರೇಮ್. ಪ್ರತಿ ಫ್ರೇಮಿನಲ್ಲೂ ಎರಡು ಫೀಲ್ಡ್, ಅಂದರೆ ಸಾಲು ಬಿಟ್ಟು ಸಾಲು ಇರುವ ಎರಡು ಅರೆ ಚಿತ್ರ. ಎರಡೂ ಒಂದೇ ಹೊತ್ತಿನವಲ್ಲ. ನಡುವೆ ಸೆಕೆಂಡಿನ 50ನೇ ಒಂದು ಭಾಗ ಕಳೆದಿರುತ್ತದೆ, ಅಷ್ಟರಲ್ಲಿ ಅಜ್ಜಿಯ ಬೆರಳು ಮುಂದೆ ಹೋಗಿರುತ್ತದೆ. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು. ಸಾಫ್ಟ್‌ವೇರ್ ಮೇಲಿನದು ಮೊದಲು ಅಂತ ಅಂದುಕೊಂಡರೆ ಆಮೇಲಿನ ಚಲನೆ ಮೊದಲು ಬಂದುಬಿಡುತ್ತದೆ. ಕೈ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತದೆ. ಸೆಟ್ಟಿಂಗ್‌ನಲ್ಲಿ 'ಬಾಟಮ್ ಫೀಲ್ಡ್ ಫಸ್ಟ್' ಆರಿಸಿ. ಡಿಇಂಟರ್‌ಲೇಸ್ (ಎರಡು ಫೀಲ್ಡ್ ಬೆರೆಸಿ ಒಂದು ಮಾಡುವುದು) ಮಾಡಬೇಡಿ. 720×576 ಸೈಜನ್ನೂ ಮುಟ್ಟಬೇಡಿ, ಡಿವಿಡಿಗೂ ಅದೇ ಸೈಜು.

ಚೌಕಗಳ ವಿಷಯ. ಟೇಪಿನಲ್ಲಿ ಚಿತ್ರಕ್ಕೆ ಸೆಕೆಂಡಿಗೆ 25 ಮೆಗಾಬಿಟ್ ಇತ್ತು. ಡಿವಿಡಿಯಲ್ಲಿ ಜಾಸ್ತಿ ಅಂದರೆ 9.8. 4.7 ಜಿಬಿ ಡಿಸ್ಕಿಗೆ ಎರಡು ಗಂಟೆ ತುರುಕಿದರೆ ಸದ್ದೂ ಸೇರಿ 5ರ ಹತ್ತಿರಕ್ಕೆ ಇಳಿಯುತ್ತದೆ. ಒಂದೇ ಬಲ್ಬಿನ ಬೆಳಕಲ್ಲಿ ತೆಗೆದದ್ದು ಕಾಳು ಕಾಳಾಗಿರುತ್ತದೆ, ಆ ಕಾಳೇ ಬಿಟ್‌ರೇಟ್ (ಸೆಕೆಂಡಿಗೆ ಸಿಗುವ ಮೆಗಾಬಿಟ್) ತಿಂದುಬಿಡುತ್ತದೆ. ಟೇಪಿಗೊಂದು ಡಿಸ್ಕ್ ಮಾಡಿ ಮಾರಾಯ್ರೆ. ಸೆಕೆಂಡಿಗೆ ಚಿತ್ರಕ್ಕೆ 8 ಮೆಗಾಬಿಟ್, ಸದ್ದಿಗೆ ಎಸಿ3 (ಡಿವಿಡಿಯಲ್ಲಿ ಸದ್ದು ಹಿಂಡುವ ಒಂದು ಬಗೆ) 256 ಕಿಲೋಬಿಟ್ ಇಡಿ.

ಉತ್ತರ 2 (ಹೊಸನಗರದಿಂದ)

ಮೇಲಿನವರು ಹೇಳಿದ್ದು ಸರಿ. ಡಿವಿಡಿ ಆಯಿತು ಅಂತ ಟೇಪು ಎಸೆಯಬೇಡಿ. ಈ ಮಳೆಯಲ್ಲಿ ಸುಮ್ನೆ ಓಡಿಸಲೂ ಬೇಡಿ. ಥಂಡಿಗೆ ಕ್ಯಾಮೆರಾ ಒಳಗೆ ತೇವ ಕೂತು ಟೇಪು ಅದನ್ನು ಓದುವ ಡ್ರಮ್ಮಿಗೆ ಅಂಟಿಕೊಳ್ಳಬಹುದು. ಕ್ಯಾಮೆರಾ ಪರದೆಯಲ್ಲಿ ತೇವದ ಗುರುತು ಬಂದರೆ ಟೇಪು ತೆಗೆದು, ಬಾಗಿಲು ತೆರೆದಿಟ್ಟು ಒಂದೆರಡು ಗಂಟೆ ಬಿಡಿ. ಸುರುಳಿಯ ಅಂಚಲ್ಲಿ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ. ನಾನು ಹಾಗೆ ಹಾಕಿ ಮಗನ ನಾಮಕರಣದ ಟೇಪು ಕಳೆದುಕೊಂಡೆ. ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿಡುವವರೂ ಇದ್ದಾರೆ. ಆದರೆ ಹೊಗೆಯೂ ಟೇಪಿಗೆ ಕೆಟ್ಟದ್ದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. 13 ಜಿಬಿ ಫೈಲ್ ಇತ್ತು, ಈಗ ಎರಡು ಹಾರ್ಡ್‌ಡಿಸ್ಕಿಗೆ ಹಾಕಿಟ್ಟಿದ್ದೇನೆ. ಸಾಗರದ ಅಣ್ಣ ಹೇಳಿದ ಹಾಗೆ ಫೀಲ್ಡ್ ಬದಲಿಸಿ, ಮೊದಲು ಎರಡು ನಿಮಿಷ ಮಾತ್ರ ರಿರೈಟಬಲ್ ಡಿಸ್ಕಿಗೆ ಹಾಕಿ ಟಿವಿಯಲ್ಲಿ ನೋಡಿದೆ. ಕೈ ನಿಂತಿತು! ಆಮೇಲೆ ಪೂರ್ತಿ ಬರ್ನ್ ಮಾಡಿದೆ. ಕತ್ತಲೆಯಲ್ಲಿ ಸ್ವಲ್ಪ ಕಾಳು ಇದೆ, ಅದು ಟೇಪಿನಲ್ಲೂ ಇದೆ.

ನಿನ್ನೆ ರಾತ್ರಿ ಅಪ್ಪಯ್ಯ ಕುರ್ಚಿಯನ್ನು ಟಿವಿ ಹತ್ತಿರ ಎಳೆದುಕೊಂಡು ಕೂತರು. "ಅಮ್ಮನ ಹೆಬ್ಬೆರಳಿನ ಅಡಿಕೆ ಕರೆ ಕಾಣ್ತದೆ ನೋಡು" ಅಂದರು. ಮತ್ತೆ ಅದೇ ಜಾಗಕ್ಕೆ ಹಿಂದೆ ಹೋಗಿ ನೋಡಿದರು.

ಮದುವೆ ಟೇಪಿನಲ್ಲಿ ಧಾರೆ ಹೊತ್ತಿಗೆ ಒಂದಷ್ಟು ಕಡೆ ಚಿತ್ರ ಒಡೆಯುತ್ತದೆ, ಅದು ಟೇಪಿನದೇ ದೋಷ ಇರಬೇಕು. ಮಳೆ ಬಿಟ್ಟ ಮೇಲೆ ಕ್ಯಾಮೆರಾದ ಹೆಡ್ (ಟೇಪು ಓದುವ ಭಾಗ) ಕ್ಲೀನ್ ಮಾಡಿ ಇನ್ನೊಮ್ಮೆ ಇಳಿಸುತ್ತೇನೆ.