ಹಳೆಯ ಪೆಟ್ಟಿಗೆಯೋ, ಮರುಬಿಡುಗಡೆಯೋ? ಅನುಭವವಿದ್ದವರು ತಿಳಿಸಿ

ವಿದ್ಯಾನಗರ, ಹುಬ್ಬಳ್ಳಿ: 1976ರ ಸ್ವೀಡನ್ ಗ್ರ್ಯಾನ್ ಪ್ರಿ ಗೆದ್ದ ಆರು ಚಕ್ರದ ಟಿರೆಲ್ ಪಿ34 ಕಾರಿನ 1:12 ಅಳತೆಯ, ಬಿಡಿಭಾಗಗಳನ್ನು ನಾವೇ ಜೋಡಿಸಿ ಬಣ್ಣ ಹೊಡೆಯುವ ಟಮಿಯಾ ಕಂಪನಿಯ ಮಾದರಿ ಕಿಟ್, ಹಳೆಯ ಮೂಲ ಪೆಟ್ಟಿಗೆಯಲ್ಲಿ, 31,000 ರೂಪಾಯಿಗೆ ಸಿಗುತ್ತಿದೆ. ಫೋಟೋ ಎಚ್ಚಿಂಗ್ (ರಾಸಾಯನಿಕದಿಂದ ಕೊರೆದ ತೆಳು ಲೋಹದ) ಬಿಡಿಭಾಗ ಸೇರಿಸಿ ಕಂಪನಿಯೇ ಮತ್ತೆ ತಂದ ಮರುಬಿಡುಗಡೆ 17,500ಕ್ಕಿದೆ. ಯಾವುದನ್ನು ಕೊಳ್ಳಲಿ?

ಬೆಟಗೇರಿ, ಗದಗ: ಐದು ವರ್ಷದ ಹಿಂದೆ ನಾನು ಅದೇ ಅಳತೆಯ ಪೋರ್ಷೆ 934ರ ಹಳೆಯ ಕಿಟ್ಟನ್ನು 28,400 ರೂಪಾಯಿ ಕೊಟ್ಟು ತರಿಸಿದೆ. ಮೂರು ತಿಂಗಳು ಬಣ್ಣ ಹೊಡೆದು, ಉಜ್ಜಿ, ಮತ್ತೆ ಹೊಡೆದು, ಕೊನೆಗೊಂದು ಭಾನುವಾರ ಡಿಕಾಲ್ ಹಾಳೆಯನ್ನು (ನೀರಲ್ಲಿ ನೆನೆಸಿ ಕಾರಿನ ಮೈಗೆ ಅಂಟಿಸುವ ಅಂಕಿ, ಗುರುತುಗಳ ಹಾಳೆ) ಉಗುರುಬೆಚ್ಚಗಿನ ನೀರಿಗೆ ಬಿಟ್ಟರೆ, ಹಳದಿಗಟ್ಟಿದ್ದ ಆ ಹಾಳೆ ಹಪ್ಪಳದ ಚೂರಿನಂತೆ ಒಡೆದು ತಟ್ಟೆಯ ತುಂಬ ತೇಲಿತು. ಚಿಮಟಕ್ಕೆ ಸಿಕ್ಕಿದ್ದು ಬಾಗಿಲಿನ ಅಂಕಿಯ ಅರ್ಧ ಮಾತ್ರ. ಆ ಒಂದು ಹಾಳೆಗಾಗಿ ಮರುಬಿಡುಗಡೆಯ ಇಡೀ ಪೆಟ್ಟಿಗೆಯನ್ನು 14,900ಕ್ಕೆ ಕೊಂಡೆ. ಒಂದು ಕಾರಿಗೆ 43,300 ರೂಪಾಯಿ ಆಯಿತು.

ಸಪ್ತಾಪುರ, ಧಾರವಾಡ: ಕಿಟ್ಟಿನ ಮಾತು ನನಗೆ ಬೇಡ, ನಾನು 1:18 ಅಳತೆಯ ಡೈಕಾಸ್ಟ್, ಅಂದರೆ ಲೋಹ ಎರಕ ಹೊಯ್ದು ಮಾಡಿದ ಸಿದ್ಧ ಕಾರು, ಸಂಗ್ರಹಿಸುವವನು. 2011ರಲ್ಲಿ 9,800 ರೂಪಾಯಿಗೆ ಕೊಂಡ ಲೋಹದ ಕಾರಿಗೆ 2019ರಲ್ಲಿ 42,000 ಕೊಡುತ್ತೇನೆಂದು ಒಬ್ಬರು ಮನೆಗೇ ಬಂದಿದ್ದರು. ನಾನು ಕೊಡಲಿಲ್ಲ. ಅದೇ ಮಾದರಿ ಮತ್ತೆ ಮಾರುಕಟ್ಟೆಗೆ ಬಂದ ವಾರ ಅದೇ ಮನುಷ್ಯ ಫೋನು ಮಾಡಿ 24,000 ಎಂದಾಗ ಆ ರಾತ್ರಿ ನನಗೆ ಊಟ ಸೇರಲಿಲ್ಲ. ಹೊಸದರ ಮೈ ಲೋಹದ್ದಲ್ಲ, ಕಾಂಪೋಸಿಟ್ ಎಂಬ ಪ್ಲಾಸ್ಟಿಕ್ ಮಿಶ್ರಣದ್ದು. ಬಾಗಿಲಿನ ಸಂದು ತೆಳುವಾಗಿದೆ, ಒಪ್ಪುತ್ತೇನೆ. ಆದರೆ ಅಂಗೈ ಮೇಲಿಟ್ಟರೆ ತಣ್ಣಗೆ ಭಾರವಾಗಿ ಕೂರುವ ಆ ಸುಖ ಅದರಲ್ಲಿಲ್ಲ. ಮೂಲವನ್ನೇ ಕೊಳ್ಳಿರಿ.

ರಾಣೆಬೆನ್ನೂರು: ಲೋಹವೆಂದರೆ ಶಾಶ್ವತವೆಂದು ನಂಬಿದ ಧಾರವಾಡದವರು ನನ್ನ ಡಿಂಕಿ ಎಂಬ ಬ್ರಿಟಿಷ್ ಆಟಿಕೆ ಕಾರನ್ನು ಒಮ್ಮೆ ನೋಡಬೇಕು. ಲಿವರ್‌ಪೂಲಿನಲ್ಲಿ 1930ರ ದಶಕದಲ್ಲಿ ತಯಾರಾದದ್ದು, ನಾನು ಕೊಟ್ಟದ್ದು 19,000. ಸತುವಿನ ಮಿಶ್ರಲೋಹಕ್ಕೆ ಒಂದಿಷ್ಟು ಸೀಸ ಬೆರೆತಿದ್ದರೂ ಸಾಕು, ವರ್ಷಗಳು ಕಳೆದಂತೆ ಅದು ಒಳಗೊಳಗೇ ಸವೆದು ಉಬ್ಬುತ್ತದೆ. ಮೂರನೆಯ ಮಳೆಗಾಲಕ್ಕೆ ಮುಂದಿನ ಚಕ್ರದ ಅಚ್ಚಿನ ತೂತಿನಿಂದ ಕೂದಲೆಳೆಯಷ್ಟು ಬಿರುಕು ಹೊರಟಿತು. ದೀಪಾವಳಿಯ ಹೊತ್ತಿಗೆ ಮಡ್‌ಗಾರ್ಡ್ ಕೈಯಲ್ಲೇ ಕಳಚಿಬಂತು. ಇದಕ್ಕೆ ಅಂಟೂ ಇಲ್ಲ, ಔಷಧಿಯೂ ಇಲ್ಲ.

ಸಪ್ತಾಪುರ, ಧಾರವಾಡ: ಯುದ್ಧಕ್ಕೆ ಮುಂಚಿನ ಆಟಿಕೆಯ ರೋಗವನ್ನು 2011ರ ಕಾರಿಗೆ ಅಂಟಿಸುವುದು ನ್ಯಾಯವಲ್ಲ. ನನ್ನದರಲ್ಲಿ ಇಂದಿಗೂ ಒಂದು ಗುಳ್ಳೆಯಿಲ್ಲ, ಏಕೆಂದರೆ ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುವುದು ವರ್ಷಕ್ಕೆ ಎರಡೇ ಸಲ.

ಗೋಕುಲ ರಸ್ತೆ, ಹುಬ್ಬಳ್ಳಿ: ಸರ್, ಪೆಟ್ಟಿಗೆಯ ಮೇಲೆ ಅಷ್ಟು ಭರವಸೆ ಇಡಬೇಡಿ. ನಾನು ಹಾಗೆಯೇ ಏಳು ವರ್ಷ ಮುಚ್ಚಿಟ್ಟೆ. ಕಾರಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಬಣ್ಣಕ್ಕೆ ಅಂಟಿಕೊಂಡು, ಬಿಡಿಸಿದಾಗ ಬಾನೆಟ್ಟಿನ ಮೇಲೆ ಸಾಬೂದಾನಿಯಂತಹ ಗುಳ್ಳೆಗಳು ಎದ್ದಿದ್ದವು. ಈಗ ಗಾಜಿನ ಕಪಾಟು, ರಬ್ಬರಿನ ಬೀಡಿಂಗು, ಮೂಲೆಗೊಂದು ತೇವ ಹೀರುವ ಸಿಲಿಕಾ ಜೆಲ್ ಚೀಲ. ಬಡಗಿಗೆ, ಗಾಜಿಗೆ ಸೇರಿ 11,200 ಆಯಿತು. ಇನ್ನು, ಮರುಬಿಡುಗಡೆ ಯಾವಾಗ ಬೇಕಾದರೂ ಅಗ್ಗಕ್ಕೆ ಸಿಗುತ್ತದೆಂದು ತಿಳಿಯುವವರಿಗೆ ಒಂದು ಮಾತು. ನಮ್ಮ ಆಮದು ಸುಂಕದ ಪಟ್ಟಿಯಲ್ಲಿ ಇಂಥ ಮಾದರಿಗಳಿಗೂ ಮಕ್ಕಳ ಆಟಿಕೆಗಳಿಗೂ ಒಂದೇ ಶೀರ್ಷಿಕೆ. ಆಟಿಕೆಗಳ ಮೂಲ ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ನನಗೆ ಮೊದಲು 8,500ಕ್ಕೆ ಕೊಡುತ್ತಿದ್ದ ವ್ಯಾಪಾರಿ ಅದೇ ಸಾಲಿನ ಕಾರಿಗೆ ಈಗ 16,000 ಹೇಳುತ್ತಾರೆ.

ಸಪ್ತಾಪುರ, ಧಾರವಾಡ: ಗಾಜಿನ ಕಪಾಟಿಗೆ ಬಿಸಿಲು ಬೀಳುವುದಿಲ್ಲವೇ? ಕೆಂಪು ಬಣ್ಣ ಮಾಸಿದ ಮೇಲೆ ಯಾವ ಜೆಲ್ ಅದನ್ನು ತಿರುಗಿ ತರುತ್ತದೆ?

ಗೋಕುಲ ರಸ್ತೆ, ಹುಬ್ಬಳ್ಳಿ: ನನ್ನ ಕಪಾಟು ಉತ್ತರದ ಗೋಡೆಗಿದೆ. ಬಂದು ನೋಡಿ ಮಾತಾಡಿ.

ಬೆಟಗೇರಿ, ಗದಗ: ಇಬ್ಬರೂ ಹಿರಿಯರು, ಮನ್ನಿಸಬೇಕು. ಕೇಳಿದವರು ಕಿಟ್ಟನ್ನು ಜೋಡಿಸುವುದಾದರೆ ಮರುಬಿಡುಗಡೆಯನ್ನೇ ಕೊಳ್ಳಲಿ. ಹಳೆಯದರ ಮೇಲೆಯೇ ಮನಸ್ಸಿದ್ದರೆ, ಹಣ ಕೊಡುವ ಮುಂಚೆ ಡಿಕಾಲ್ ಹಾಳೆಯ ಫೋಟೋವನ್ನು ಹಗಲು ಬೆಳಕಿನಲ್ಲಿ ತೆಗೆಸಿ ತರಿಸಿಕೊಳ್ಳಲಿ. ನಾನು ಕೇಳಿದ್ದು ಪೆಟ್ಟಿಗೆಯ ಫೋಟೋ ಮಾತ್ರ.