ಪೋಸ್ಟಿಗೆ ಲೈಕ್ ಬರುತ್ತವೆ, ಹುದ್ದೆಗೆ ಅರ್ಜಿ ಬರುವುದಿಲ್ಲ. ಏನು ಮಾಡಬೇಕು?

ಒಂಟಿ_ಎಚ್‌ಆರ್:
ನಮ್ಮದು ಚಿಕ್ಕ ಸಾಫ್ಟ್‌ವೇರ್ ಕಂಪನಿ, ನೇಮಕಾತಿ ಪೂರ್ತಿ ನನ್ನ ತಲೆ ಮೇಲಿದೆ. ಲಿಂಕ್ಡ್‌ಇನ್, ಇನ್‌ಸ್ಟಾಗ್ರಾಮ್ ಎರಡರಲ್ಲೂ ವಾರವಾರ ಏನಾದರೂ ಹಾಕುತ್ತೇವೆ: ಹುಟ್ಟುಹಬ್ಬದ ಕೇಕು, ಟೀಮ್ ಔಟಿಂಗ್, "ನಾವೆಲ್ಲ ಒಂದೇ ಕುಟುಂಬ" ಅನ್ನೋ ಪೋಸ್ಟರ್. ಲೈಕ್ ಬೇಕಾದಷ್ಟು, ಅದರಲ್ಲಿ ಅರ್ಧ ನಮ್ಮವರದ್ದೇ. ಬ್ಯಾಕೆಂಡ್ ಡೆವಲಪರ್ ಹುದ್ದೆಗೆ ಮಾತ್ರ ಸರಿಯಾದ ಒಂದು ಅರ್ಜಿ ಇಲ್ಲ. ಎಂಪ್ಲಾಯರ್ ಬ್ರ್ಯಾಂಡಿಂಗ್‌ಗೆ (ಕೆಲಸಕ್ಕೆ ಒಳ್ಳೆಯ ಕಂಪನಿ ಅಂತ ಹೆಸರು ಕಟ್ಟಿಕೊಳ್ಳುವುದಕ್ಕೆ) ಏಜೆನ್ಸಿ ಹಿಡಿಯೋಣ ಅಂತ ಮೇಲಿನವರು ಹೇಳುತ್ತಿದ್ದಾರೆ. ದುಡ್ಡು ಸುರಿದರೆ ಪ್ರಯೋಜನ ಇದೆಯಾ?

ಕೋಡ್_ಕೆಲಸಗಾರ:
ಕೆಲಸ ಹುಡುಕುವವರ ಕಡೆಯಿಂದ ಹೇಳುತ್ತೇನೆ. ಕೇಕಿನ ಫೋಟೋ ನೋಡಿ ಯಾರೂ ಇರುವ ಕೆಲಸ ಬಿಡುವುದಿಲ್ಲ. ನಾನು ಮೊದಲು ಗ್ಲಾಸ್‌ಡೋರ್ (ಸಿಬ್ಬಂದಿ ತಮ್ಮ ಕಂಪನಿ ಬಗ್ಗೆ ರಿವ್ಯೂ ಬರೆಯುವ ಸೈಟ್) ತೆರೆದು, ಕೆಟ್ಟ ರಿವ್ಯೂಗೆ ಕಂಪನಿ ಏನು ಉತ್ತರ ಕೊಟ್ಟಿದೆ ಅಂತ ನೋಡುತ್ತೇನೆ. ಎಲ್ಲದಕ್ಕೂ ಅದೇ "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಅಂಟಿಸಿದ್ದರೆ ಅಲ್ಲಿಗೆ ಮುಗಿಯಿತು. ಆಮೇಲೆ ಆ ಟೀಮಿನಲ್ಲಿದ್ದವರ ಪ್ರೊಫೈಲ್ ತೆಗೆದು ಯಾರು ಎಷ್ಟು ಕಾಲ ನಿಂತರು ಅಂತ ನೋಡುತ್ತೇನೆ. ಎಲ್ಲರೂ ವರ್ಷ ತುಂಬುವ ಮೊದಲೇ ಜಾಗ ಖಾಲಿ ಮಾಡಿದ್ದರೆ ಪೋಸ್ಟರ್ ಏನು ಹೇಳಿದರೇನು? ಇನ್ನು "ಕುಟುಂಬ" ಅಂದ ಕೂಡಲೇ ನನಗೆ ಕಾಣುವುದು ರಜೆ ದಿನದ ಫೋನ್ ಕಾಲ್. ಸಂಬಳ ಎಷ್ಟರಿಂದ ಎಷ್ಟು ಅಂತ ಜಾಹೀರಾತಿನಲ್ಲೇ ಬರೆಯಿರಿ, ಮಿಕ್ಕಿದ್ದು ಆಮೇಲೆ.

ಹಳೇ_ರಿಕ್ರೂಟರ್:
ಕೋಡ್_ಕೆಲಸಗಾರ ಹೇಳಿದ್ದು ಸರಿ. ಎಂಪ್ಲಾಯರ್ ಬ್ರ್ಯಾಂಡ್ ಅನ್ನೋದನ್ನು ಏಜೆನ್ಸಿಗಳು ನಿನ್ನೆ ಮೊನ್ನೆ ಕಂಡುಹಿಡಿದದ್ದಲ್ಲ. 1996ರಲ್ಲೇ ಮಾರ್ಕೆಟಿಂಗ್ ಕ್ಷೇತ್ರದ ಟಿಮ್ ಆಂಬ್ಲರ್, ಸೈಮನ್ ಬ್ಯಾರೋ ಇದರ ಬಗ್ಗೆ ಬರೆದಾಗ, ಕೆಲಸದಿಂದ ಸಿಗುವ ಅನುಕೂಲ, ಹಣ, ಮನಸ್ಸಿನ ತೃಪ್ತಿ ಇವೆಲ್ಲದರ ಗಂಟು ಅಂತಲೇ ಹೇಳಿದ್ದರು. ಲೋಗೋ, ಪೋಸ್ಟರ್ ಆಮೇಲಿನ ಮಾತು. ಗಂಟು ಖಾಲಿ ಇದ್ದರೆ ಏಜೆನ್ಸಿ ತಾನೇ ಏನು ಮಾಡೀತು?

ಒಳ್ಳೆಯ ಡೆವಲಪರ್‌ಗಳು ಜಾಸ್ತಿ ಅರ್ಜಿ ಹಾಕುವುದಿಲ್ಲ, ನಾವೇ ಹೋಗಿ ಮಾತಾಡಿಸಬೇಕು. ಲಿಂಕ್ಡ್‌ಇನ್‌ನಲ್ಲಿ ಇನ್‌ಮೇಲ್ (ಪರಿಚಯ ಇಲ್ಲದವರಿಗೂ ಕಳಿಸಬಹುದಾದ ಮೆಸೇಜ್) ಕಳಿಸಿದರೆ ಒಂದು ಕ್ರೆಡಿಟ್ ಖರ್ಚಾಗುತ್ತದೆ, 90 ದಿನದೊಳಗೆ ಉತ್ತರ ಬಂದರೆ ಆ ಕ್ರೆಡಿಟ್ ವಾಪಸ್ ಸಿಗುತ್ತದೆ, ಆ ಕಡೆಯವರು "ಬೇಡ" ಅಂದರೂ ಸರಿ. ಅಂದರೆ ಉತ್ತರ ಬರುವ ಹಾಗೆ ಬರೆಯುವವರಿಗೇ ಲಾಭ. "ನಿಮ್ಮ ಪ್ರೊಫೈಲ್ ಇಷ್ಟವಾಯಿತು, ಅದ್ಭುತ ಅವಕಾಶವಿದೆ" ಅಂತ ಕಳಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. "ಪೇಮೆಂಟ್ ಕ್ಯೂ ಬಗ್ಗೆ ನೀವು ಬರೆದದ್ದು ಓದಿದೆ, ನಮಗೂ ಅದೇ ತಲೆನೋವು, ನಾಲ್ಕು ಜನರ ಟೀಮ್, ಸಂಬಳ ಇಷ್ಟರಿಂದ ಇಷ್ಟು, ಆಸಕ್ತಿ ಇಲ್ಲದಿದ್ದರೆ ಒಂದು ಸಾಲು ಹಾಕಿ ಸಾಕು" ಅಂತ ಬರೆದು ನೋಡಿ.

ಸುಮ್ನೆ_ಓದುಗ:
ಒಂದು ವಿನಂತಿ. ದಯವಿಟ್ಟು ಎಲ್ಲ ಸಿಬ್ಬಂದಿ ಕೈಯಲ್ಲೂ ಒಂದೇ ಕ್ಯಾಪ್ಷನ್ ಶೇರ್ ಮಾಡಿಸಬೇಡಿ. ಇಪ್ಪತ್ತು ಜನ ಒಂದೇ ನಿಮಿಷದಲ್ಲಿ "ಈ ಪಯಣದ ಭಾಗವಾಗಿರುವುದು ಹೆಮ್ಮೆ" ಅಂದರೆ ಮೇಲಿಂದ ಆರ್ಡರ್ ಬಂದಿದೆ ಅಂತ ಯಾರಿಗೆ ಗೊತ್ತಾಗಲ್ಲ ಹೇಳಿ!

ಒಂಟಿ_ಎಚ್‌ಆರ್:
ಹ್ಹಹ್ಹ, ಆ ಕ್ಯಾಪ್ಷನ್ ನಮ್ಮ ಡ್ರಾಫ್ಟ್‌ನಲ್ಲೂ ಇದೆ. ಸಂಬಳ ಬರೆಯೋಕೆ ಮೇಲಿನವರು ಒಪ್ಪುವುದು ಕಷ್ಟ, "ಒಳಗಿರುವವರು ಕೇಳಿದರೆ?" ಅಂತಾರೆ.

ಹಳೇ_ರಿಕ್ರೂಟರ್:
ಒಳಗಿರುವವರಿಗೆ ಕಡಿಮೆ ಕೊಡುತ್ತಿದ್ದೀರಿ ಅಂತಾಯಿತು ಅಲ್ವಾ? ಏಜೆನ್ಸಿಗೆ ಇಟ್ಟ ದುಡ್ಡನ್ನು ಮೊದಲು ಅಲ್ಲಿ ಹಾಕಿಸಿ.