ಮಳೆಗಾಲಕ್ಕೆ ಮೊದಲು ನಮ್ಮ ರಸ್ತೆಯ ಕಸಕ್ಕೊಂದು ದಾರಿ ಮಾಡೋಣ

ಸಂಘದ ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ಟ್ರಾನ್ಸ್‌ಫಾರ್ಮರ್ ಪಕ್ಕದ ಮೂಲೆಯಲ್ಲಿ ಮತ್ತೆ ರಾಶಿ ಬಿದ್ದಿದೆ. ಡಯಾಪರ್, ಮೀನಿನ ತಲೆ, ಬೊಂಡದ (ಎಳನೀರಿನ) ಚಿಪ್ಪು, ಹಳೆ ಟ್ಯೂಬ್‌ಲೈಟ್ ಎಲ್ಲ ಒಟ್ಟಿಗೆ. ಯಾರು ಹಾಕಿದ್ದು ಅಂತ ಹುಡುಕುವುದು ಬೇಡ. ಮಳೆ ಹಿಡಿಯುವ ಮೊದಲು ಒಂದು ವ್ಯವಸ್ಥೆ ಆಗಬೇಕು.

ಕಾನೂನು ಬದಲಾಗಿದೆ. 2016ರ ಘನತ್ಯಾಜ್ಯ ನಿಯಮಗಳು ಹೋಗಿ, 2026ರ ಹೊಸ ನಿಯಮಗಳು ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಇನ್ನು ಮುಂದೆ ಮನೆಯಲ್ಲೇ ನಾಲ್ಕು ಭಾಗ ಮಾಡಬೇಕು: ಹಸಿ, ಒಣ, ಸ್ಯಾನಿಟರಿ, ಮತ್ತೆ ವಿಶೇಷ ಕಾಳಜಿಯ ಕಸ. ಮೊದಲು ಪ್ಯಾಡ್, ಡಯಾಪರ್ ಸುತ್ತಿ ಒಣ ಕಸದ ಬುಟ್ಟಿಗೆ ಹಾಕಲು ನಿಯಮದಲ್ಲೇ ಅವಕಾಶ ಇತ್ತು. ಈಗ ಅದಕ್ಕೆ ಬೇರೆ ಬುಟ್ಟಿ. ಬಲ್ಬ್, ಪೇಂಟ್ ಡಬ್ಬಿ, ಉಳಿದ ಔಷಧ ನಾಲ್ಕನೆಯದಕ್ಕೆ.

ಇನ್ನೊಂದು ವಿಷಯವನ್ನು ದಯವಿಟ್ಟು ಗಮನಿಸಿ. ಬೇರ್ಪಡಿಸದ ಕಸವನ್ನು ಸ್ಥಳೀಯ ಸಂಸ್ಥೆಗಳು ಭೂಭರ್ತಿ ಜಾಗಕ್ಕೆ, ಅಂದರೆ ಕಸ ಸುರಿದು ತುಂಬಿಸುವ ಜಾಗಕ್ಕೆ, ಕಳಿಸಿದರೆ ಜಾಸ್ತಿ ಶುಲ್ಕ ಕಟ್ಟಬೇಕು. ಬೇರ್ಪಡಿಸಿ ಸಂಸ್ಕರಿಸುವ ಖರ್ಚಿಗಿಂತ ಅದು ಹೆಚ್ಚಿರಬೇಕು ಅಂತಲೇ ನಿಯಮ ಹೇಳುತ್ತದೆ. ಆ ದುಡ್ಡು ನಮ್ಮ ತೆರಿಗೆಯದ್ದೇ ಅಲ್ವಾ? ದುಡ್ಡಿನ ಮಾತು ಬಿಡಿ, 2019ರ ಆಗಸ್ಟ್ ಮಳೆಯಲ್ಲಿ ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯ ರಾಶಿ ಜಾರಿ ಪಕ್ಕದ ಮಂದಾರದ ತೋಟ, ಮನೆಗಳ ಮೇಲೆ ಬಂತು. ಅಡಿಕೆ, ತೆಂಗು ಎಲ್ಲ ಹೋಯಿತು, ಜನ ಮನೆ ಬಿಟ್ಟರು. ಆ ರಾಶಿಯಲ್ಲಿ ಇಡೀ ನಗರದ ಚೀಲಗಳಿದ್ದವು. ಅದನ್ನು ನಾವು ಮರೆಯಬಾರದು.

ಬಾವಿಕಟ್ಟೆ ಮನೆಯವರು: ಸರಿ ಸರ್. ಆದರೆ ನಾವು ನಾಲ್ಕು ಮಾಡಿ ಕೊಟ್ಟ ಮೇಲೆ ಮುಂದೆ ಎಲ್ಲೋ ಒಂದೇ ಮಾಡಿದರೆ ಎಂತ ಪ್ರಯೋಜನ?

ಸಂಘದ ಕಾರ್ಯದರ್ಶಿ: ಈ ಪ್ರಶ್ನೆಯನ್ನು ನಾವು ಸ್ಥಳೀಯ ಸಂಸ್ಥೆಗೆ ಪತ್ರ ಬರೆದು ಲಿಖಿತವಾಗಿಯೇ ಕೇಳಬೇಕು. ಬೇರೆ ಬೇರೆಯಾಗಿ ಸಂಗ್ರಹಿಸುವುದು, ಒಣ ಕಸವನ್ನು ವಿಂಗಡಣಾ ಘಟಕಕ್ಕೆ ಮುಟ್ಟಿಸುವುದು ಸ್ಥಳೀಯ ಸಂಸ್ಥೆಯ ಹೊಣೆ. ನಮ್ಮ ರಸ್ತೆಗೆ ಸ್ಯಾನಿಟರಿ ಕಸ ಯಾವ ದಿನ, ಬಲ್ಬ್ ಮತ್ತು ಔಷಧ ಎಲ್ಲಿ ಕೊಡಬೇಕು, ಒಣ ಕಸ ಎಲ್ಲಿಗೆ ಹೋಗುತ್ತದೆ. ಈ ಮೂರಕ್ಕೆ ಉತ್ತರ ಬೇಕು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸುವ ಘಟಕ ಉಂಟು. ಸುತ್ತಲಿನ ಗ್ರಾಮ ಪಂಚಾಯತುಗಳ ಕಸ ಅಲ್ಲಿಗೆ ಹೋಗುತ್ತದೆ. ಹಳ್ಳಿಗಳಿಗೆ ಸಾಧ್ಯವಾದದ್ದು ಪೇಟೆಯಲ್ಲಿ ಆಗದೆ ಇರುವುದಿಲ್ಲ.

ಅಪಾರ್ಟ್‌ಮೆಂಟ್ ಖಜಾಂಚಿ: ಹೊಸ ನಿಯಮದಲ್ಲಿ ನಮ್ಮ ಕಟ್ಟಡ ದೊಡ್ಡ ಪ್ರಮಾಣದ ಕಸ ಉತ್ಪಾದಕರ ಲೆಕ್ಕಕ್ಕೆ ಬರುತ್ತದಾ? ಕೆಲವರು ಬರುತ್ತದೆ ಅಂತಾರೆ, ಕೆಲವರು ಇಲ್ಲ ಅಂತಾರೆ.

ನಿವೃತ್ತ ಇಂಜಿನಿಯರ್, ಮೇಲಿನ ರಸ್ತೆ: ಖಜಾಂಚಿಯವರೇ, ಮೂರರಲ್ಲಿ ಒಂದು ಇದ್ದರೂ ಸಾಕು. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್, ಅಥವಾ ದಿನಕ್ಕೆ 40,000 ಲೀಟರ್ ನೀರು, ಅಥವಾ ದಿನಕ್ಕೆ 100 ಕೆ.ಜಿ. ಕಸ. ಇದಕ್ಕೆ ಮುಟ್ಟಿದರೆ ಅಥವಾ ಮೀರಿದರೆ ಆ ಲೆಕ್ಕಕ್ಕೆ ಬರುತ್ತೀರಿ. ನೀರಿನ ಲೆಕ್ಕ ನೋಡಿ. ತಲೆಗೆ 135 ಲೀಟರ್ ಹಿಡಿದರೆ 40,000 ಲೀಟರ್ ಅಂದರೆ ಸುಮಾರು 300 ಜನ. ಮನೆಗೆ ನಾಲ್ಕು ಜನ ಅಂದರೆ 75 ಮನೆ. ನಿಮ್ಮದು ಅದಕ್ಕಿಂತ ಚಿಕ್ಕದು, ಆದರೆ ಬಾವಿ, ಬೋರ್‌ವೆಲ್, ಟ್ಯಾಂಕರ್ ನೀರನ್ನೂ ಸೇರಿಸಿ ನೋಡಿ. ಆ ಲೆಕ್ಕಕ್ಕೆ ಬಂದವರು ಹಸಿ ಕಸವನ್ನು ಆದಷ್ಟು ಅಲ್ಲೇ ಗೊಬ್ಬರ ಮಾಡಬೇಕು.

ಹಲಸಿನ ಮರದ ಮನೆ: ಹಸಿ ಕಸದ ಬಗ್ಗೆ ನಾನು ಹೇಳುತ್ತೇನೆ ಅಣ್ಣ. ಅಂಗಳ ಇರುವವರು ಅದನ್ನು ಗೇಟಿನ ಹೊರಗೆ ಕಳಿಸುವ ಅಗತ್ಯವೇ ಇಲ್ಲ. ರಾಮಕೃಷ್ಣ ಮಿಷನ್‌ನವರ ಸ್ವಚ್ಛ ಮಂಗಳೂರು ಅಭಿಯಾನದ ಸಮಯದಿಂದಲೂ ನಮ್ಮಲ್ಲಿ ಮಡಕೆ ಗೊಬ್ಬರ ನಡೆಯುತ್ತಿದೆ. ಮಳೆಗಾಲದಲ್ಲಿ ನೀರು ಜಾಸ್ತಿಯಾಗಿ ವಾಸನೆ ಬರುವುದೇ ಎಲ್ಲರ ದೂರು. ಅದಕ್ಕೆ ಈಗಲೇ ತರಗೆಲೆ ಒಣಗಿಸಿ ಗೋಣಿಯಲ್ಲಿ ತುಂಬಿಸಿ ಇಡಿ. ಒಂದು ಪದರ ಅಡುಗೆ ಕಸ, ಮೇಲೆ ದಪ್ಪ ಪದರ ಎಲೆ ಅಥವಾ ತೆಂಗಿನ ನಾರಿನ ಪುಡಿ. ಮಡಕೆ ಮಾಡಿನ ಕೆಳಗೆ ಇರಲಿ, ಬುಡದಲ್ಲಿ ತೂತು ಇರಲಿ. ಮೀನಿನ ಕಸ ಮಡಕೆಗೆ ಬೇಡ, ತೆಂಗಿನ ಬುಡದಲ್ಲಿ ಒಂದೂವರೆ ಅಡಿ ಗುಂಡಿ ತೆಗೆದು ಮಣ್ಣು ಮುಚ್ಚಿ. ನಮ್ಮ ಹಿರಿಯರು ಮಾಡಿದ್ದೇ ಅದು.

ತರಗೆಲೆಗೆ ಬೆಂಕಿ ಮಾತ್ರ ಹಾಕಬೇಡಿ, ದಯವಿಟ್ಟು. ನಿಯಮದಲ್ಲೂ ಅವಕಾಶ ಇಲ್ಲ, ಪಕ್ಕದ ಮನೆಯ ಉಬ್ಬಸದವರಿಗೂ ಕಷ್ಟ.

ಬಾವಿಕಟ್ಟೆ ಮನೆಯವರು: ಅಕ್ಕ, ಬೊಂಡದ ಚಿಪ್ಪು ಎಂತ ಮಾಡುವುದು?

ಹಲಸಿನ ಮರದ ಮನೆ: ನಾಲ್ಕು ಸೀಳು ಮಾಡಿ ಬಿಸಿಲಿಗೆ ಹಾಕಿ. ಇಡಿಯಾಗಿ ಬಿಟ್ಟರೆ ನೀರು ನಿಂತು ಸೊಳ್ಳೆ. 2019ರಲ್ಲಿ ಮಂಗಳೂರಲ್ಲಿ ಡೆಂಗ್ಯೂ ಹೇಗೆ ಹಬ್ಬಿತ್ತು ಅಂತ ಎಲ್ಲರಿಗೂ ಗೊತ್ತಲ್ಲ.

ನೆಲಮಹಡಿ ಬಾಡಿಗೆದಾರರು: ಒಣ ಕಸ ಶುಕ್ರವಾರ ಮಾತ್ರ. ಜೂನ್‌ನಲ್ಲಿ ಅಲ್ಲಿಯವರೆಗೆ ಇಡುವುದು ಎಲ್ಲಿ ಸರ್? ನಮಗೆ ಸಿಟೌಟ್ ಕೂಡ ಇಲ್ಲ.

ಸಂಘದ ಕಾರ್ಯದರ್ಶಿ: ಬಾಡಿಗೆ ಮನೆಯವರ ಕಷ್ಟ ನಿಜ. ನನಗೂ ಇದೇ ಚಿಂತೆ. ರಟ್ಟು, ಪೇಪರ್ ಒಮ್ಮೆ ನೆನೆದರೆ ಗುಜರಿಯವರೂ ಮುಟ್ಟುವುದಿಲ್ಲ. ಮರುಬಳಕೆಗೆ ಹೋಗಬೇಕಾದದ್ದು ಬರೀ ಕಸ ಆಗಿಬಿಡುತ್ತದೆ. ಹಾಲಿನ ತೊಟ್ಟೆ ಹಾಗೇ ಬಿಸಾಡಿದರೆ ಒಂದು ಚೀಲವಿಡೀ ನಾರುತ್ತದೆ. ತೊಳೆದು ಒಣಗಿಸಿ ಕೊಟ್ಟರೆ ಅದನ್ನು ವಿಂಗಡಿಸುವ ಹೆಂಗಸರ ಕೈಗೂ ಒಳ್ಳೆಯದು. ಅವರು ದಿನವಿಡೀ ಅದರ ನಡುವೆ ನಿಲ್ಲುತ್ತಾರೆ.

ಅಪಾರ್ಟ್‌ಮೆಂಟ್ ಖಜಾಂಚಿ: ನಮ್ಮ ಜನರೇಟರ್ ರೂಮಿನ ಹೊರಗೆ ಶೀಟ್ ಹಾಕಿದ ಜಾಗ ಖಾಲಿ ಉಂಟು. ಬಾಡಿಗೆದಾರರ ಒಣ ಕಸ ಶುಕ್ರವಾರದವರೆಗೆ ಅಲ್ಲಿ ಇಡಬಹುದು. ಕಟ್ಟಡದವರ ಒಪ್ಪಿಗೆ ಕೇಳಿದೆ, ಯಾರೂ ಬೇಡ ಅನ್ನಲಿಲ್ಲ. ತೊಳೆದು ತನ್ನಿ, ಅಷ್ಟೇ.

ನೆಲಮಹಡಿ ಬಾಡಿಗೆದಾರರು: ತುಂಬಾ ಉಪಕಾರ ಆಯ್ತು. ಅಲ್ಲಿ ಚೀಲ ಜೋಡಿಸುವ ಕೆಲಸ ನಾನು ಮಾಡುತ್ತೇನೆ.

ಸಂಘದ ಕಾರ್ಯದರ್ಶಿ: ಹಾಗಾದರೆ ಪತ್ರದಲ್ಲಿ ಆ ಮೂರು ಪ್ರಶ್ನೆ, ಜೊತೆಗೆ ಮೂಲೆಯ ರಾಶಿ ತೆಗೆದು ಅಲ್ಲೊಂದು ಫಲಕ ಹಾಕಲು ಮನವಿ. ಭಾನುವಾರ ಬೆಳಿಗ್ಗೆ 10ಕ್ಕೆ ಇಂಜಿನಿಯರ್ ಮಾಮನ ಮನೆ ಜಗಲಿಯಲ್ಲಿ ಸಹಿ. ಬರಲಾಗದವರು ಶನಿವಾರ ಸಂಜೆಯೊಳಗೆ ನನಗೆ ತಿಳಿಸಿ, ಮನೆಗೇ ತರುತ್ತೇನೆ. ಬಾಡಿಗೆದಾರರೂ ಸಹಿ ಹಾಕಬೇಕು.